ಬಡಿತದ ಅಂಕಿ ನಂಬುವ ಮೊದಲು ಮೀಟರನ್ನು ಸರಿ ಮಾಡಿಕೊಳ್ಳಿ

ಸಂಪಾದಕರಿಗೆ ನಮಸ್ಕಾರ.

2025ರ ಜೂನ್, ಜುಲೈನಲ್ಲಿ ನಮ್ಮ ಹಾಸನದ ಹೆಸರು ದಿನಾ ಪತ್ರಿಕೆಗಳಲ್ಲಿ ಯಾಕೆ ಬರುತ್ತಿತ್ತು ಅಂತ ಓದುಗರಿಗೆಲ್ಲ ಗೊತ್ತು. ಹೃದಯಾಘಾತದ ಸಾವುಗಳು ಒಂದರ ಹಿಂದೆ ಒಂದು ಸುದ್ದಿಯಾದವು, ಸರ್ಕಾರ ತಜ್ಞರ ಸಮಿತಿ ಮಾಡಿತು, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳ್ಳಂಬೆಳಗ್ಗೆಯೇ ಸಾಲು ನಿಂತರು. ಸಾವಿನ ಪ್ರಮಾಣ ಅಸಹಜವಾಗಿ ಏರಿಲ್ಲ ಅಂತ ಸಮಿತಿ ವರದಿ ಕೊಟ್ಟಿತು. ಆದರೂ ಮನೆಮನೆಗೆ ಹೊಕ್ಕ ಭಯ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಆ ಭಯದಲ್ಲೇ ಎಷ್ಟೋ ಜನ ವಾಕಿಂಗ್ ಶುರು ಮಾಡಿದರು, ಕೆಲವರು ಸೈಕಲ್ ಕೊಂಡರು. ಇದು ಒಳ್ಳೆಯದೇ. ಸೈಕಲ್ ಜೊತೆಗೆ ಹ್ಯಾಂಡಲ್ ಮೇಲೆ ಕೂರಿಸುವ ಪುಟ್ಟ ಕಂಪ್ಯೂಟರ್ (ನಾವು ಮೀಟರ್ ಅನ್ನುವುದು ಇದನ್ನೇ), ಅದಕ್ಕೆ ಹೃದಯದ ಬಡಿತ ಎಣಿಸಿ ಕಳಿಸುವ, ಎದೆಗೆ ಕಟ್ಟುವ ಬೆಲ್ಟು ಕೂಡ ಈಗ ಮನೆಗೆ ಬರುತ್ತಿವೆ. ನಾನು ಬರೆಯುತ್ತಿರುವುದು ಅದರ ಬಗ್ಗೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ಈ ಮೀಟರ್ ಒಳ್ಳೆಯ ವಸ್ತು. ಐವತ್ತು ದಾಟಿದವರಿಗೆ ಹೆಲ್ಮೆಟ್ ಬಿಟ್ಟರೆ ಸೈಕಲ್ ಮೇಲೆ ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ನಮ್ಮಲ್ಲಿ ಬಹಳ ಜನ ಡಬ್ಬಿಯಿಂದ ತೆಗೆದು, ಹ್ಯಾಂಡಲ್‌ಗೆ ಸಿಕ್ಕಿಸಿ, ಬೆಲ್ಟು ಕಟ್ಟಿ ಹೊರಟೇಬಿಡುತ್ತಾರೆ. ಒಳಗೆ ಸೆಟ್ಟಿಂಗ್ಸ್ ಅಂತ ಒಂದಿದೆ, ಅಲ್ಲಿ ತಮ್ಮ ವಯಸ್ಸು, ತೂಕ, ಚಕ್ರದ ಅಳತೆ ಹಾಕಬೇಕು ಅಂತ ಮಾರುವವರು ಹೇಳುವುದಿಲ್ಲ. ಜೊತೆಗೆ ಬರುವ ಪುಸ್ತಕದಲ್ಲಿ ಎಷ್ಟೋ ದೇಶದ ಭಾಷೆಗಳಿರುತ್ತವೆ, ನಾನು ನೋಡಿದ ಒಂದರಲ್ಲೂ ಕನ್ನಡ ಇಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಹಾಕಿಟ್ಟ ಯಾರದೋ ವಯಸ್ಸು, ಯಾವುದೋ ಚಕ್ರ, ಅದರ ಮೇಲೇ ಎಲ್ಲ ಲೆಕ್ಕ ನಡೆಯುತ್ತದೆ. ವೇಗದ ಅಂಕಿ ತಪ್ಪಾದರೆ ಯಾರಿಗೂ ಏನೂ ಆಗುವುದಿಲ್ಲ. ಹೃದಯದ ಅಂಕಿ ಹಾಗಲ್ಲ. ಆರಾಮಾಗಿದ್ದೀರಿ ಅಂತ ತಪ್ಪು ತೋರಿಸಿದರೆ ಶಕ್ತಿ ಮೀರಿ ತುಳಿಯುತ್ತಾರೆ, ಅಪಾಯ ಅಂತ ತಪ್ಪು ತೋರಿಸಿದರೆ ಅಲ್ಲೇ ಎದೆ ಹಿಡಿದು ಕೂರುತ್ತಾರೆ. ಎರಡನ್ನೂ ನೋಡಿದ್ದೇನೆ.

ನಮ್ಮ ಜೊತೆ ಭಾನುವಾರ ಬರುವವರಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು. ಕಳೆದ ಚಳಿಗಾಲದಲ್ಲಿ ಸಕಲೇಶಪುರದ ಕಡೆ ಹೊರಟಿದ್ದೆವು. ಬಾಳ್ಳುಪೇಟೆ ದಾಟಿ ಒಂದು ಇಳಿಜಾರು ಇಳಿಯುತ್ತಿದ್ದಾಗ ಅವರು ತಟ್ಟನೆ ಬ್ರೇಕ್ ಹಾಕಿ ರಸ್ತೆ ಪಕ್ಕದ ಮೋರಿ ಕಟ್ಟೆಯ ಮೇಲೆ ಕೂತರು. ಮುಖ ಬಿಳಿಚಿತ್ತು. "ನೋಡಪ್ಪಾ, 218 ಅಂತಿದೆ" ಅಂದರು. ಪೆಡಲ್ ತುಳಿಯದೆ ಇಳಿಯುವಾಗ ನಿಮಿಷಕ್ಕೆ 218 ಬಡಿತ! "ಮೇಷ್ಟ್ರೇ, ಕೈ ಕೊಡಿ" ಅಂತ ಮಣಿಕಟ್ಟು ಹಿಡಿದು, ಗಡಿಯಾರ ನೋಡಿಕೊಂಡು 15 ಸೆಕೆಂಡು ನಾಡಿ ಎಣಿಸಿದೆ. 29 ಬಂತು. ನಾಲ್ಕರಿಂದ ಗುಣಿಸಿದರೆ 116. ಆ ಹೊತ್ತಿಗೂ ಮೀಟರ್ ಒಮ್ಮೆ 190, ಒಮ್ಮೆ 84 ಅಂತ ಕುಣಿಯುತ್ತಲೇ ಇತ್ತು. ಅವರ ಜರ್ಸಿ ಎತ್ತಿ ನೋಡಿದರೆ ಬೆಲ್ಟಿನ ಒಳಬದಿ ಒಣಗಿ ಕಟ್ಟಿಗೆಯಾಗಿತ್ತು, ಕಟ್ಟಿದ್ದೂ ಸಡಿಲ. ಎರಡು ದಿನ ಬಿಟ್ಟು ಡಾಕ್ಟರ ಹತ್ತಿರ ಹೋಗಿ ಇಸಿಜಿ ಮಾಡಿಸಿದರು, ಎಲ್ಲ ಸರಿ ಇತ್ತು. ಡಾಕ್ಟರನ್ನು ನೋಡಿದ್ದು ಒಳ್ಳೆಯದೇ ಆಯಿತು. ಆದರೆ ಆ ಎರಡು ರಾತ್ರಿ ಅವರೂ ಅವರ ಮನೆಯವರೂ ನಿದ್ದೆ ಮಾಡಲಿಲ್ಲ. ಬೆಲ್ಟಿಗೆ ಒಂದು ಬೊಗಸೆ ನೀರು ಸೋಕಿಸಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ.

ಹೀಗೆ ಯಾಕಾಗುತ್ತದೆ ಅಂತ ತಿಳಿದುಕೊಂಡರೆ ಭಯ ಅರ್ಧ ಹೋಗುತ್ತದೆ. ಹೃದಯ ಪ್ರತಿ ಸಲ ಬಡಿಯುವಾಗ ಒಂದು ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಇಸಿಜಿ ಯಂತ್ರ ಹಿಡಿಯುವುದೂ ಅದನ್ನೇ, ಎದೆಯ ಬೆಲ್ಟು ಹಿಡಿಯುವುದೂ ಅದನ್ನೇ. ಬೆಲ್ಟಿನ ಒಳಬದಿಯಲ್ಲಿ ರಬ್ಬರಿನ ಹಾಗೆ ಕಾಣುವ ಎರಡು ಪಟ್ಟಿಗಳಿವೆಯಲ್ಲ, ಅವು ಚರ್ಮಕ್ಕೆ ಒದ್ದೆಯಾಗಿ ಅಂಟಿಕೊಂಡಿದ್ದರೆ ಮಾತ್ರ ಆ ಸಂಕೇತ ಸಿಗುತ್ತದೆ. ಬೆವರು ಬಂದ ಮೇಲೆ ತಾನಾಗಿ ಸರಿಹೋಗುತ್ತದೆ, ಆದರೆ ನಮ್ಮ ಡಿಸೆಂಬರ್, ಜನವರಿ ಚಳಿಯಲ್ಲಿ ಬೆವರು ಬರುವುದೇ ತಡ. ಅದರ ಮೇಲೆ ಇಳಿಜಾರಿನ ಗಾಳಿಗೆ ಸಡಿಲವಾದ ಪಾಲಿಯೆಸ್ಟರ್ ಜರ್ಸಿ ಪಟಪಟ ಬಡಿದರೆ ಬಟ್ಟೆಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತನ್ನೇ ಬೆಲ್ಟು ಬಡಿತ ಅಂತ ಎಣಿಸಿಬಿಡುತ್ತದೆ. ಇಳಿಯುವಾಗ ಅಥವಾ ಸವಾರಿಯ ಮೊದಲ ಹತ್ತು ನಿಮಿಷದಲ್ಲಿ ಅಂಕಿ ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿದರೆ ಮೊದಲು ಬೆಲ್ಟನ್ನೇ ಅನುಮಾನಿಸಿ. ನಿಂತು, ಮಣಿಕಟ್ಟಿನಲ್ಲೋ ಕತ್ತಿನ ಪಕ್ಕದಲ್ಲೋ ಬೆರಳಿಟ್ಟು 15 ಸೆಕೆಂಡು ಎಣಿಸಿ. ಕೈ ಎಣಿಕೆಗೂ ಮೀಟರಿಗೂ ತಾಳೆಯಾಗದಿದ್ದರೆ ಕೈ ಎಣಿಕೆಯನ್ನೇ ನಂಬಿ. ಕೈ ಎಣಿಕೆಯೂ ಅಷ್ಟೇ ಜಾಸ್ತಿ ಬಂದರೆ, ಅಥವಾ ನಾಡಿ ಅಡ್ಡಾದಿಡ್ಡಿ ಬಡಿಯುತ್ತಿದ್ದರೆ, ಆಗ ಸವಾರಿ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ನೋಡಿ.

ಬೆಲ್ಟು ಕಟ್ಟುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನ ತೊಂದರೆ ಇಲ್ಲೇ. ಎದೆಯ ಸ್ನಾಯು ಮುಗಿಯುವ ಕೆಳಗೆ ಕಟ್ಟಬೇಕು, ಹೊಟ್ಟೆ ಮೇಲೆ ಅಲ್ಲ. ಉಸಿರು ಪೂರ್ತಿ ಎಳೆದಾಗ ಜಾರಬಾರದು, ಹಾಗಂತ ಉಸಿರು ಕಟ್ಟುವಷ್ಟು ಬಿಗಿಯೂ ಬೇಡ. ಕಂಪನಿಯ ಹೆಸರು ನೆಟ್ಟಗೆ, ಎದುರಿಗಿದ್ದವರಿಗೆ ಓದಲು ಬರುವ ಹಾಗಿರಲಿ. ಕಟ್ಟುವ ಮುಂಚೆ ಆ ಎರಡು ಪಟ್ಟಿಗಳಿಗೆ ನೀರು ಸವರಿ. ಬೆಳಗ್ಗೆ ಮೈಗೆ ಎಣ್ಣೆ, ಕ್ರೀಮು ಹಚ್ಚುವ ಅಭ್ಯಾಸ ಇದ್ದವರು ಅಷ್ಟು ಜಾಗ ಬಿಟ್ಟು ಹಚ್ಚಿ. ಮನೆಗೆ ಬಂದ ಮೇಲೆ ಮಧ್ಯದಲ್ಲಿರುವ, ಬಡಿತ ಎಣಿಸಿ ಕಳಿಸುವ ಬಿಲ್ಲೆಯನ್ನು ಬೆಲ್ಟಿನಿಂದ ಬಿಡಿಸಿ ಇಡಿ. ಒದ್ದೆ ಬೆಲ್ಟಿಗೇ ಸಿಕ್ಕಿಸಿಟ್ಟರೆ ಇನ್ನೂ ಯಾರೋ ಕಟ್ಟಿಕೊಂಡಿದ್ದಾರೆ ಅಂದುಕೊಂಡು ಅದು ಕೆಲಸ ಮಾಡುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಪಟ್ಟಿಯನ್ನು ತಣ್ಣೀರಿನಲ್ಲಿ ಅದ್ದಿ ಬೆವರಿನ ಉಪ್ಪು ತೆಗೆದು ನೆರಳಲ್ಲಿ ಒಣಗಿಸಿದರೆ ಸಾಕು. ಬ್ಯಾಟರಿ ಹೆಚ್ಚಿನವಕ್ಕೆ ಸಿಆರ್ 2032, ನಾಣ್ಯದಂಥದ್ದು, ಯಾವ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಬ್ಯಾಟರಿ ಸೋತಾಗಲೂ ಅಂಕಿ ಕುಣಿಯುತ್ತದೆ, ಹಾಗಾಗಿ ಹೃದಯವನ್ನು ಅನುಮಾನಿಸುವ ಮುಂಚೆ ಅದನ್ನೂ ಬದಲಿಸಿ ನೋಡಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಕಟ್ಟಬೇಡಿ.

ಕೈಗೆ ಕಟ್ಟುವ ವಾಚು ಸಾಲದೇ ಅಂತ ಕೆಲವರು ಕೇಳುತ್ತಾರೆ. ವಾಚು ಮಾಡುವುದು ಬೇರೆ. ಹಸಿರು ಬೆಳಕು ಚರ್ಮದೊಳಗೆ ಬಿಟ್ಟು ರಕ್ತದ ಏರಿಳಿತವನ್ನು ನೋಡಿ ಲೆಕ್ಕ ಹಾಕುತ್ತದೆ. ಮನೆಯಲ್ಲಿ ಕೂತಾಗ ಪರವಾಗಿಲ್ಲ. ಸೈಕಲ್ ಮೇಲೆ ಮಣಿಕಟ್ಟು ಮಡಚಿ ಹ್ಯಾಂಡಲ್ ಬಿಗಿ ಹಿಡಿದಿರುತ್ತೇವೆ, ರಸ್ತೆಯ ಗುಂಡಿಗೆಲ್ಲ ಕೈ ಅದುರುತ್ತದೆ, ಚಳಿಗೆ ಚರ್ಮದ ರಕ್ತ ಸಂಚಾರವೂ ಕಡಿಮೆಯಾಗುತ್ತದೆ. ಅಲ್ಲಿ ಎದೆಯ ಬೆಲ್ಟೇ ವಾಸಿ.

ಇನ್ನು ವಯಸ್ಸಿನ ವಿಷಯ. ಎಲ್ಲಕ್ಕಿಂತ ದೊಡ್ಡ ತಪ್ಪು ಆಗುತ್ತಿರುವುದು ಇದರಲ್ಲಿ. ಮೀಟರ್ ಬಡಿತವನ್ನು ಬರೀ ಅಂಕಿಯಾಗಿ ತೋರಿಸುವುದಿಲ್ಲ, ಐದು ಜೋನ್ ಮಾಡಿ ಬಣ್ಣ ಹಚ್ಚಿ ತೋರಿಸುತ್ತದೆ. ಗರಿಷ್ಠ ಬಡಿತದ (ಹೃದಯ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಬಡಿಯಬಲ್ಲದೋ ಅದು) ಶೇ 50ರಿಂದ 60 ಮೊದಲನೆಯದು, 60ರಿಂದ 70 ಎರಡನೆಯದು, ಹೀಗೆ ಶೇ 90ರ ಮೇಲೆ ಐದನೆಯದು. ಈ ಗರಿಷ್ಠ ಬಡಿತವನ್ನು ಅದು 220ರಲ್ಲಿ ವಯಸ್ಸು ಕಳೆದು ಹಾಕಿಕೊಂಡಿರುತ್ತದೆ. ಮೀಟರ್ ಒಳಗೆ 30 ವರ್ಷ ಅಂತಿದ್ದರೆ ಗರಿಷ್ಠ 190. ಅದನ್ನು ಕಟ್ಟಿಕೊಂಡವರ ವಯಸ್ಸು 55 ಆಗಿದ್ದರೆ ನಿಜಕ್ಕೂ ಬರಬೇಕಾದ್ದು 165. ಈಗ ಅವರು ಏರಿನಲ್ಲಿ 150 ಬಡಿತದಲ್ಲಿ ತುಳಿಯುತ್ತಿದ್ದಾರೆ ಅಂದುಕೊಳ್ಳಿ. ಮೀಟರ್ ಶೇ 79 ಅಂತ ಲೆಕ್ಕ ಹಾಕಿ ಮೂರನೇ ಜೋನ್, ಮಧ್ಯಮ ಅನ್ನುತ್ತದೆ. ಅವರ ವಯಸ್ಸಿಗೆ ಅದು ಶೇ 91, ಐದನೇ ಜೋನ್. ಇನ್ನೂ ಶಕ್ತಿ ಉಳಿದಿದೆ ಅಂತ ನಂಬಿ ಅವರು ಇನ್ನೊಂದಿಷ್ಟು ಜೋರು ಮಾಡುತ್ತಾರೆ. ಹೃದಯ ಕಾಪಾಡಿಕೊಳ್ಳಲಿ ಅಂತ ಮಕ್ಕಳು ಕೊಡಿಸಿದ ಯಂತ್ರ ಅವರನ್ನು ತಳ್ಳುತ್ತಿರುವುದು ಎಲ್ಲಿಗೆ ನೋಡಿ.

ಆದ್ದರಿಂದ ಮೀಟರ್ ಕೈಗೆ ಬಂದ ದಿನವೇ ಪ್ರೊಫೈಲ್ ಅಂತ ಇರುವ ಕಡೆ ಹೋಗಿ ಹುಟ್ಟಿದ ವರ್ಷ, ತೂಕ, ಗಂಡೋ ಹೆಣ್ಣೋ ಎಲ್ಲ ಹಾಕಿ. ಕ್ಯಾಲೊರಿ ಲೆಕ್ಕವೂ ಇದರ ಮೇಲೇ ನಿಂತಿದೆ. ಅಪ್ಪನ ಮೀಟರನ್ನು ಮಗ ಒಂದು ದಿನ ತೆಗೆದುಕೊಂಡು ಹೋದರೆ ವಾಪಸ್ ಬಂದ ಮೇಲೆ ಮತ್ತೆ ನೋಡಿ, ಅವನು ಬದಲಾಯಿಸಿರಬಹುದು.

ಒಂದು ಮಾತು ಮಾತ್ರ ನೆನಪಿರಲಿ. 220ರಲ್ಲಿ ವಯಸ್ಸು ಕಳೆಯುವುದು ಒಂದು ಅಂದಾಜು ಅಷ್ಟೇ. 1971ರಲ್ಲಿ ಅಮೆರಿಕದ ಸಂಶೋಧಕರ ಒಂದು ಲೇಖನದಿಂದ ಹರಡಿದ ಲೆಕ್ಕ ಅದು. 2001ರಲ್ಲಿ ಟನಾಕ ಅನ್ನುವ ಸಂಶೋಧಕ ಮತ್ತು ಜೊತೆಯವರು ಇನ್ನೊಂದು ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ. 55 ವರ್ಷದವರಿಗೆ 169.5 ಬರುತ್ತದೆ. ಯಾವ ಸೂತ್ರ ಹಿಡಿದರೂ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಅಂದರೆ 165 ದಾಟಿದ ತಕ್ಷಣ ಏನೋ ಆಗಿಬಿಡುತ್ತದೆ ಅಂತ ಅಲ್ಲ, 165ರ ಕೆಳಗಿದ್ದರೆ ಏನೂ ಆಗುವುದಿಲ್ಲ ಅಂತಲೂ ಅಲ್ಲ. ನಿಜವಾದ ಗರಿಷ್ಠ ತಿಳಿಯಬೇಕು ಅಂತ ನಡುವಯಸ್ಸಿನವರು ತಾವೇ ಘಾಟಿಯಲ್ಲಿ ಉಸಿರುಗಟ್ಟಿ ತುಳಿದು ಪರೀಕ್ಷೆ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಟೆಸ್ಟ್ ಇದೆ, ಡಾಕ್ಟರು ಪಕ್ಕದಲ್ಲಿ ನಿಂತಿರುತ್ತಾರೆ.

ಇನ್ನೂ ಸ್ವಲ್ಪ ಸರಿಯಾದ ಲೆಕ್ಕ ಬೇಕಾದವರು ವಿಶ್ರಾಂತಿಯ ಬಡಿತವನ್ನೂ ಹಾಕಿ. ಬೆಳಗ್ಗೆ ಎಚ್ಚರವಾದ ಮೇಲೆ, ಏಳುವ ಮುಂಚೆ, ಕಾಫಿಗೂ ಮುಂಚೆ, ಮಲಗಿದಲ್ಲೇ ಎಣಿಸಿದ ಅಂಕಿ. ಸಾಮಾನ್ಯವಾಗಿ 60ರಿಂದ 100ರ ಒಳಗಿರುತ್ತದೆ, ಚೆನ್ನಾಗಿ ಪಳಗಿದವರಿಗೆ ಅದಕ್ಕಿಂತ ಕಡಿಮೆ. ಗರಿಷ್ಠದಲ್ಲಿ ಇದನ್ನು ಕಳೆದರೆ ಉಳಿಯುವುದು ನಿಮ್ಮ ಕೈಲಿರುವ ಬಂಡವಾಳ. ಗರಿಷ್ಠ 165, ವಿಶ್ರಾಂತಿ 65 ಇದ್ದವರಿಗೆ ನೂರು ಉಳಿಯಿತು. ಅದರ ಶೇ 60ರಿಂದ 70ಕ್ಕೆ 65 ಸೇರಿಸಿ: 125ರಿಂದ 135. ಗಂಟೆಗಟ್ಟಲೆ ಆರಾಮಾಗಿ ತುಳಿಯಲು ಅವರಿಗೆ ಇಷ್ಟು ಸಾಕು. ಇದನ್ನು ಕಾರ್ವೊನೆನ್ ಸೂತ್ರ ಅನ್ನುತ್ತಾರೆ, ಒಳ್ಳೆಯ ಮೀಟರ್‌ಗಳಲ್ಲಿ ಹಾರ್ಟ್ ರೇಟ್ ರಿಸರ್ವ್ ಅಂತ ಒಂದು ಆಯ್ಕೆಯೇ ಇರುತ್ತದೆ. ಸೂತ್ರಗಳೆಲ್ಲ ತಲೆಗೆ ಹತ್ತದಿದ್ದರೂ ಚಿಂತೆ ಇಲ್ಲ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಹಾಡಲು ಬರಬಾರದು. ಅಲ್ಲಿ ಮೀಟರ್ ಎಷ್ಟು ತೋರಿಸುತ್ತದೋ ನೋಡಿಟ್ಟುಕೊಳ್ಳಿ, ಅದೇ ನಿಮ್ಮ ಅಂಕಿ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಸುಮಾರು ಈ ಮಟ್ಟದ್ದೇ.

ಬಿಪಿ ಮಾತ್ರೆ ನುಂಗುವವರು ಇದನ್ನು ಗಮನವಿಟ್ಟು ಓದಬೇಕು. ಬೀಟಾ ಬ್ಲಾಕರ್ ಅನ್ನುವ ಜಾತಿಯ ಮಾತ್ರೆ ಹೃದಯದ ಬಡಿತವನ್ನೇ ತಗ್ಗಿಸುತ್ತದೆ. ಎಷ್ಟು ತುಳಿದರೂ ಅಂಕಿ ಮೇಲೆ ಹೋಗುವುದಿಲ್ಲ, ಆದರೆ ಮೈ ಸುಸ್ತಾಗಿರುತ್ತದೆ. ಅಂಥವರಿಗೆ ಮೇಲೆ ಹೇಳಿದ ಯಾವ ಜೋನೂ ಅನ್ವಯಿಸುವುದಿಲ್ಲ. ನಿಮ್ಮ ಮಾತ್ರೆ ಆ ಜಾತಿಯದೋ ಅಲ್ಲವೋ ಡಾಕ್ಟರನ್ನೇ ಕೇಳಿ, ಎಷ್ಟರವರೆಗೆ ಹೋಗಬಹುದು ಅಂತ ಅವರಿಂದಲೇ ಬರೆಸಿಕೊಳ್ಳಿ. ಮೀಟರ್ ನೋಡಿ ಚೆನ್ನಾಗಿದ್ದೇನೆ ಅಂತ ಮಾತ್ರೆ ಬಿಡುವುದು ಬೇಡ.

ಚಕ್ರದ ಅಳತೆ ಬೇಗ ಹೇಳಿ ಮುಗಿಸುತ್ತೇನೆ. ಕಡಿಮೆ ಬೆಲೆಯ ಮೀಟರ್‌ಗಳಲ್ಲಿ ಚಕ್ರದ ಕಡ್ಡಿಗೆ ಒಂದು ಅಯಸ್ಕಾಂತ, ಚಕ್ರ ಹಿಡಿದಿರುವ ಫೋರ್ಕಿಗೆ ಒಂದು ಸೆನ್ಸರ್ ಇರುತ್ತದೆ. ಅಯಸ್ಕಾಂತ ಒಂದು ಸಲ ಹಾದುಹೋದರೆ ಒಂದು ಸುತ್ತು. ಒಂದು ಸುತ್ತಿಗೆ ಎಷ್ಟು ಮಿಲಿಮೀಟರ್ ಅಂತ ನಾವು ಹೇಳಬೇಕು. 26 ಇಂಚಿನ 2.1 ಟಯರಿಗೆ ಸುಮಾರು 2068, 29 ಇಂಚಿನ 2.1 ಟಯರಿಗೆ 2288, ರೋಡ್ ಬೈಕಿನ 700 ಬೈ 25ಕ್ಕೆ 2105, ಹೈಬ್ರಿಡ್ಡಿನ 700 ಬೈ 38ಕ್ಕೆ 2180. 29 ಇಂಚಿನ ಸೈಕಲ್‌ಗೆ 26ರ ಅಳತೆ ಹಾಕಿದ್ದರೆ ಹಾಸನದಿಂದ ಸಕಲೇಶಪುರದ 40 ಕಿಲೋಮೀಟರು 36 ಅಂತ ಬರುತ್ತದೆ. ಪಟ್ಟಿಗಿಂತಲೂ ಅಳೆಯುವುದೇ ಒಳ್ಳೆಯದು. ಗಾಳಿ ಸರಿಯಾಗಿ ತುಂಬಿಸಿ, ಗಾಳಿ ತುಂಬುವ ವಾಲ್ವು ನೆಲಕ್ಕೆ ನೇರ ಕೆಳಗೆ ಬರುವ ಹಾಗೆ ನಿಲ್ಲಿಸಿ, ಸಿಮೆಂಟ್ ನೆಲದ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಸೀಟಿನ ಮೇಲೆ ಕೂತು, ಇನ್ನೊಬ್ಬರ ಕೈಲಿ ಹಿಡಿಸಿಕೊಂಡು, ವಾಲ್ವು ಮತ್ತೆ ಕೆಳಗೆ ಬರುವ ತನಕ ನೆಟ್ಟಗೆ ಮುಂದೆ ಹೋಗಿ ಇನ್ನೊಂದು ಗೆರೆ. ಮಧ್ಯದ ದೂರ ಟೇಪಿನಲ್ಲಿ ಅಳೆದು ಮಿಲಿಮೀಟರಿನಲ್ಲಿ ಹಾಕಿ. ಕೂತೇ ಅಳೆಯಬೇಕು, ನಮ್ಮ ಭಾರಕ್ಕೆ ಟಯರು ಅಮುಕಿ ಸುತ್ತಳತೆ ಸ್ವಲ್ಪ ಕಡಿಮೆಯಾಗುತ್ತದೆ.

ಜಿಪಿಎಸ್ ಇದ್ದರೆ ಇದೆಲ್ಲ ಬೇಡ ಅಲ್ವಾ ಅನ್ನಬಹುದು. ಬಯಲುಸೀಮೆಯಲ್ಲಿ, ಚನ್ನರಾಯಪಟ್ಟಣದ ಕಡೆಗೆ ಹೋದರೆ ಹೌದು. ನಮ್ಮ ಮಲೆನಾಡಿನ ಸೆರಗಿನಲ್ಲಿ ಹಾಗಲ್ಲ. ಕಾಫಿ ತೋಟದ ಸಿಲ್ವರ್ ಓಕ್ ಮರಗಳು ರಸ್ತೆ ಮೇಲೆ ಬಾಗಿಕೊಂಡ ಕಡೆ, ಘಾಟಿಯ ತಿರುವುಗಳಲ್ಲಿ, ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ ವೇಗ ಸುಮ್ನೆ ಏರಿಳಿಯುತ್ತದೆ, ತಿರುವುಗಳನ್ನು ಕತ್ತರಿಸಿ ದೂರ ಕಡಿಮೆ ಮಾಡಿಬಿಡುತ್ತದೆ. ಚಕ್ರದ ಸೆನ್ಸರಿಗೆ ಮರ ಅಡ್ಡ ಬರುವುದಿಲ್ಲ. ಎರಡೂ ಇದ್ದರೆ ವೇಗವನ್ನು ಸೆನ್ಸರಿನಿಂದ ತೆಗೆದುಕೋ ಅಂತ ಮೀಟರಿಗೆ ಹೇಳಿ. ಹೊರಡುವ ಮುಂಚೆ ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ನಿಂತು ಜಿಪಿಎಸ್ ಸಿಕ್ಕ ಮೇಲೆ ಹೊರಡಿ.

ಎತ್ತರದ ಲೆಕ್ಕಕ್ಕೂ ನಮ್ಮ ಕಡೆ ಬೆಲೆ ಇದೆ. ಚಿಕ್ಕಮಗಳೂರು ಪಟ್ಟಣ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ತುದಿ 1,930 ಮೀಟರ್. ಎಂಟುನೂರಕ್ಕೂ ಹೆಚ್ಚು ಮೀಟರ್ ಒಂದೇ ಸಮನೆ ಏರುವಾಗ ಎಷ್ಟು ಉಳಿದಿದೆ ಅಂತ ಗೊತ್ತಿದ್ದರೆ ಬಡಿತವನ್ನು ಹತೋಟಿಯಲ್ಲಿಟ್ಟುಕೊಂಡು ತುಳಿಯಬಹುದು. ಹೆಚ್ಚಿನ ಮೀಟರ್‌ಗಳು ಎತ್ತರವನ್ನು ಗಾಳಿಯ ಒತ್ತಡದಿಂದ ಅಳೆಯುತ್ತವೆ. ಹವಾಮಾನ ಬದಲಾದರೂ ಒತ್ತಡ ಬದಲಾಗುತ್ತದೆ, ಒಂದು ಮಿಲಿಬಾರಿಗೆ (ಗಾಳಿಯ ಒತ್ತಡ ಅಳೆಯುವ ಮಾನ) ಸುಮಾರು 9 ಮೀಟರ್ ವ್ಯತ್ಯಾಸ. ಮಳೆಗಾಲದಲ್ಲಿ ಮೀಟರಿನ ಹಿಂಬದಿಯಲ್ಲಿ ಒತ್ತಡ ಅಳೆಯುವ ಸಣ್ಣ ತೂತಿಗೆ ನೀರು ಕೂತರೆ ನಿಂತಲ್ಲೇ ಬೆಟ್ಟ ಹತ್ತಿಸುತ್ತದೆ. ಆಗಾಗ ಗೊತ್ತಿರುವ ಎತ್ತರಕ್ಕೆ ಸರಿಮಾಡಬೇಕು. ಅದಕ್ಕೆ ರೈಲ್ವೆ ಸ್ಟೇಷನ್ನಿಗೆ ಹೋಗಿ. ಪ್ಲಾಟ್‌ಫಾರ್ಮಿನ ತುದಿಯ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಬರೆದಿರುತ್ತಾರೆ. ಆ ಅಂಕಿ ಮೀಟರಿಗೆ ಹಾಕಿ, ಹೊರಡಿ.

ಜೋಡಿಸುವುದರಲ್ಲೂ ಒಂದು ತೊಂದರೆ ಇದೆ. ಬೆಲ್ಟು ಮೀಟರಿಗೆ ತಂತಿಯಿಲ್ಲದೆ ಸುದ್ದಿ ಕಳಿಸುವುದು ಆಂಟ್ ಪ್ಲಸ್ (ಡಬ್ಬಿಯ ಮೇಲೆ ANT+ ಅಂತಿರುತ್ತದೆ) ಅಥವಾ ಬ್ಲೂಟೂತ್ ಮೂಲಕ. ಆಂಟ್ ಪ್ಲಸ್ ಬೆಲ್ಟು ಸುತ್ತಲಿನ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿರುತ್ತದೆ. ಗುಂಪಿನ ಮಧ್ಯೆ ನಿಂತು ಹೊಸ ಮೀಟರ್ ಜೋಡಿಸಿದರೆ ಪಕ್ಕದವರ ಎದೆಯ ಬಡಿತ ನಿಮ್ಮ ಪರದೆಗೆ ಬರಬಹುದು. ಮನೆಯಲ್ಲಿ ಒಬ್ಬರೇ ಇದ್ದಾಗ, ಅಥವಾ ಬೇರೆಯವರಿಂದ ಒಂದು ಹತ್ತು ಮೀಟರ್ ದೂರ ನಿಂತು ಜೋಡಿಸಿ. ಒಮ್ಮೆ ಬೆಲ್ಟಿನ ನಂಬರು ಹಿಡಿದುಕೊಂಡರೆ ಆಮೇಲೆ ಅದನ್ನೇ ಹುಡುಕುತ್ತದೆ. ಬ್ಲೂಟೂತ್ ಬೆಲ್ಟು ಆದರೆ ಮೊದಲೇ ಫೋನಿಗೆ ಸೇರಿಕೊಂಡಿದ್ದರೆ ಮೀಟರಿಗೆ ಸಿಗದೇ ಇರಬಹುದು. ಫೋನಿನ ಬ್ಲೂಟೂತ್ ಆರಿಸಿ ಮತ್ತೆ ಹುಡುಕಿಸಿ. ಬೆಲ್ಟು ಎದೆ ಮೇಲಿದ್ದಾಗ ಮಾತ್ರ ಎಚ್ಚರವಾಗಿರುತ್ತದೆ, ಟೇಬಲ್ ಮೇಲಿಟ್ಟು ಹುಡುಕಿದರೆ ಸಿಗುವುದಿಲ್ಲ. ಕೆಟ್ಟಿದೆ ಅಂತ ವಾಪಸ್ ಮಾಡುವವರು ಇದನ್ನೊಮ್ಮೆ ನೋಡಬೇಕು.

ರಸ್ತೆಗೆ ಇಳಿದ ಮೇಲೆ ಪರದೆಯಲ್ಲಿ ಮೂರು ನಾಲ್ಕು ಅಂಕಿ ಸಾಕು: ಬಡಿತ, ವೇಗ, ದೂರ, ಏರಿದ್ದರೆ ಎತ್ತರ. ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲಿ ಟ್ಯಾಂಕರುಗಳ ಪಕ್ಕ ತಲೆ ಬಗ್ಗಿಸಿಕೊಂಡು ಹನ್ನೆರಡು ಅಂಕಿ ಓದುವುದು ನಿಜವಾದ ಅಪಾಯ. ಇಂತಿಷ್ಟು ಬಡಿತ ದಾಟಿದರೆ ಕೂಗು ಅಂತ ಅಲಾರಂ ಇಟ್ಟುಬಿಟ್ಟರೆ ನೋಡುವ ಅಗತ್ಯವೇ ಇಲ್ಲ. ಏರು ಶುರುವಾದ ತಕ್ಷಣ ಬಡಿತ ಏರುವುದಿಲ್ಲ, ಮೋಟರ್ ಹಾಕಿದ ಮೇಲೆ ತೋಟದ ತುದಿಗೆ ನೀರು ಬರಲು ಹೊತ್ತು ಹಿಡಿಯುವ ಹಾಗೆ ಅರ್ಧ ನಿಮಿಷ, ಒಂದು ನಿಮಿಷ ತಡವಾಗಿ ಬರುತ್ತದೆ. ಹಾಗಾಗಿ ಮುಳ್ಳಯ್ಯನಗಿರಿ ದಾರಿಯ ಕೈಮರ ದಾಟಿದ ಮೇಲಿನ ಏರಿನಲ್ಲಿ, ಅಂಕಿ ಇನ್ನೂ ಕಡಿಮೆ ಇದೆ ಅಂತ ಆರಂಭದಲ್ಲೇ ಜೋರು ಮಾಡಬೇಡಿ. ಗೇರು ಮುಂಚೆಯೇ ಇಳಿಸಿ. ಇನ್ನೊಂದು, ಎರಡು ಮೂರು ಗಂಟೆ ತುಳಿದ ಮೇಲೆ ಅದೇ ವೇಗದಲ್ಲಿ ಬಡಿತ ಹತ್ತು ಹದಿನೈದು ಮೇಲೆ ಹೋಗಿರುತ್ತದೆ. ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ, ಬಿಸಿಲು ಏರಿದಾಗ ಎಲ್ಲರಿಗೂ ಹಾಗಾಗುತ್ತದೆ. ಕಾಯಿಲೆ ಅಲ್ಲ, ನೀರು ಕುಡಿದು ವೇಗ ಇಳಿಸಿ ಅಂತ ಅರ್ಥ. ಮಾಮೂಲಿ ಏರಿನಲ್ಲಿ, ಮಾಮೂಲಿ ಹವೆಯಲ್ಲಿ ಒಂದು ದಿನ ಬಡಿತ ಯಾಕೋ ಜಾಸ್ತಿ ಇದೆ ಅನ್ನಿಸಿದರೆ ನಿದ್ದೆ ಸಾಲದಿರಬಹುದು, ಜ್ವರ ಬರುವುದರಲ್ಲಿರಬಹುದು. ಅವತ್ತು ಸುಮ್ನೆ ಮನೆಗೆ ಬನ್ನಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಬೆಲ್ಟು ಹೃದಯಾಘಾತವನ್ನು ಮುಂಚೆ ಹೇಳುವುದಿಲ್ಲ. ತಂತಿಯಿಲ್ಲದ ಬಡಿತದ ಮೀಟರನ್ನು 1982ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಫಿನ್ಲೆಂಡಿನ ಪೋಲಾರ್ ಕಂಪನಿ, ಅದು ಹುಟ್ಟಿದ್ದು ಹಿಮದ ಮೇಲೆ ಸ್ಕೀ ಮಾಡುವ ಆಟಗಾರರ ತರಬೇತಿಗೆ. ಇವತ್ತಿಗೂ ಅದರ ಕೆಲಸ ಅದೇ, ಎಷ್ಟು ಶ್ರಮ ಪಡುತ್ತಿದ್ದೀರಿ ಅಂತ ಹೇಳುವುದು. ರಕ್ತನಾಳ ಕಟ್ಟಿಕೊಂಡಿದೆಯೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಆಸ್ಪತ್ರೆಯ ಇಸಿಜಿ ಹಲವು ಕಡೆಯಿಂದ ಅಲೆಯ ಆಕಾರವನ್ನೇ ನೋಡುತ್ತದೆ, ಬೆಲ್ಟು ಬರೀ ಎಣಿಸುತ್ತದೆ. ಬಡಿತ 90 ಇದ್ದಾಗಲೂ ಹೃದಯಾಘಾತ ಆಗಬಹುದು. ಎದೆ ಮೇಲೆ ಭಾರ ಇಟ್ಟ ಹಾಗೆ ಅನ್ನಿಸುವುದು, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆ ಬೆವರು, ಉಸಿರು ಸಿಗದಿರುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಮೀಟರ್ ಏನೇ ಹೇಳಲಿ, ಇಳಿದು ಕೂತು 108ಕ್ಕೆ ಫೋನ್ ಮಾಡಿ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕಾಯುವುದು ಬೇಡ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಸವಾರಿಗೆ ಹೋಗುವ ದಾರಿಯಲ್ಲಿ ಅಂಥ ಆಸ್ಪತ್ರೆ ಎಲ್ಲಿದೆ ಅಂತ ಗುಂಪಿನ ಎಲ್ಲರಿಗೂ ತಿಳಿದಿರಲಿ. ಹೊಸದಾಗಿ ಶುರು ಮಾಡುವವರಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇದ್ದವರು, ಬೀಡಿ ಸಿಗರೇಟು ಸೇದುವವರು, ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು ಮೀಟರ್ ಕೊಳ್ಳುವ ಮುಂಚೆ ಒಮ್ಮೆ ಡಾಕ್ಟರಲ್ಲಿ ತೋರಿಸಿಕೊಳ್ಳಲಿ.

ಸಂಪಾದಕರೇ, ನನ್ನ ಕೋರಿಕೆ ದೊಡ್ಡದೇನಲ್ಲ. ಹಾಸನ, ಚಿಕ್ಕಮಗಳೂರಿನ ಸೈಕಲ್ ಅಂಗಡಿಯವರು ಇಂಥ ಮೀಟರ್ ಮಾರುವಾಗ ಕೊಳ್ಳುವವರ ವಯಸ್ಸು ಕೇಳಿ, ಚಕ್ರ ಅಳೆದು, ಬೆಲ್ಟು ಜೋಡಿಸಿ, ಕೈ ನಾಡಿಯೊಡನೆ ಒಮ್ಮೆ ತಾಳೆ ನೋಡಿ ಕೊಡಲಿ. ಅರ್ಧ ಗಂಟೆ ಕೆಲಸ, ಅದಕ್ಕೆ ಬೇಕಾದರೆ ದುಡ್ಡು ತೆಗೆದುಕೊಳ್ಳಲಿ, ನಾವು ಕೊಡುತ್ತೇವೆ. ಕಂಪನಿಗಳು ಕನ್ನಡದಲ್ಲಿ ಎರಡು ಪುಟ ಅಚ್ಚು ಹಾಕಿಸಿ ಡಬ್ಬಿಯಲ್ಲಿಡುವುದೂ ಕಷ್ಟವಲ್ಲ. ಅಲ್ಲಿಯವರೆಗೆ ನಿಮ್ಮ ಆರೋಗ್ಯ ಪುಟದಲ್ಲಿ ಹೃದಯ ತಜ್ಞರೊಬ್ಬರ ಕೈಲಿ ಈ ಬಡಿತದ ಅಂಕಿಗಳ ಬಗ್ಗೆ ಬರೆಸಿ, ನಾನು ಹೇಳಿದ್ದಕ್ಕಿಂತ ಅವರು ಚೆನ್ನಾಗಿ ಹೇಳುತ್ತಾರೆ. ಹಾಸನದವರು ಯಾರಿಗಾದರೂ ಮೀಟರ್ ಹೊಂದಿಸಲು ಬರದಿದ್ದರೆ ಭಾನುವಾರ ಬೆಳಗ್ಗೆ ಆರು ಗಂಟೆಗೆ ಜಿಲ್ಲಾ ಕ್ರೀಡಾಂಗಣದ ಗೇಟಿನ ಹತ್ತಿರ ನಮ್ಮ ಗುಂಪು ಸೇರಿರುತ್ತದೆ. ಮೀಟರ್, ಬೆಲ್ಟು, ಜೊತೆಗೆ ಬಂದ ಪುಸ್ತಕ ತನ್ನಿ. ಟೇಪು, ಚಾಕ್‌ಪೀಸು ನಾನು ತರುತ್ತೇನೆ.

ಇಂತಿ,
ಒಬ್ಬ ಸೈಕಲ್ ಸವಾರ, ಹಾಸನ